ರೋಡ್ ಸೈಕಲ್ಲಿಗೆ ಜೊತೆಯಲ್ಲಿ ಒಯ್ಯೋ ಪಂಪು ಯಾವುದು? ಕೈಮರದ ಹತ್ತಿರ ಕೈ ಸೋತವಳ ಪ್ರಶ್ನೆ

ಕಾಫಿಹೂ:

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಹೋದ ಭಾನುವಾರದ ಫಜೀತಿ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಪ್ರಶ್ನೆ.

ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು ಗಿರಿ ಕಡೆ ಹೊರಟಿದ್ದೆ. ಪ್ರವಾಸಿಗರ ಕಾರುಗಳು ಶುರುವಾಗೋ ಮೊದಲು ಹತ್ತಿ ಇಳಿದುಬಿಡಬೇಕು ಅಂತ ಲೆಕ್ಕ. ಸೀತಾಳಯ್ಯನಗಿರಿ ತನಕ ಹತ್ತಿದೆ, ಮಂಜು ಬಿಟ್ಟರೆ ಏನೂ ಕಾಣಲಿಲ್ಲ, ವಾಪಸ್ ತಿರುಗಿದೆ. ಇಳಿಯುವಾಗ ಕೈಮರ ಇನ್ನೂ ನಾಲ್ಕೈದು ಕಿ.ಮೀ. ಇದ್ದಂತೆ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಲ್ಲಿಗೆ ಹೊಡೆಯಿತು. ಟುಸ್ ಅಂದಿತು. ಬೇರೆ ಟ್ಯೂಬ್ ಇತ್ತು, ಹಾಕೋದಕ್ಕೂ ಬರುತ್ತದೆ, ಹತ್ತು ನಿಮಿಷದಲ್ಲಿ ಹಾಕಿದೆ. ಕಷ್ಟ ಶುರುವಾಗಿದ್ದು ಗಾಳಿ ಹೊಡೆಯೋದಕ್ಕೆ ಕೂತಾಗ. ಆನ್‌ಲೈನ್‌ನಲ್ಲಿ ತರಿಸಿದ ಪುಟ್ಟ ಕೈಪಂಪು, ಮೈಮೇಲೆ 120 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ದೊಡ್ಡದಾಗಿ ಬರೆದಿದೆ. ಮೊದಲು ಸಲೀಸಾಗಿ ಹೋಯಿತು. ಆಮೇಲೆ ಗಟ್ಟಿಯಾಗುತ್ತಾ ಆಗುತ್ತಾ ಒಂದು ಹಂತದಲ್ಲಿ ನಾನು ಪಂಪನ್ನು ಒತ್ತುತ್ತಿದ್ದೇನೋ ಅದು ನನ್ನನ್ನು ಒತ್ತುತ್ತಿತ್ತೋ ಗೊತ್ತಾಗಲಿಲ್ಲ. ಟೈರ್ ಹಿಸುಕಿದರೆ ಇನ್ನೂ ಮೆತ್ತಗೆ. ಜೋರಾಗಿ ಒತ್ತಲು ಹೋಗಿ ಪಂಪಿನ ಮೂತಿ ಓರೆಯಾಯಿತು, ವಾಲ್ವ್‌ನ ತುದಿ ಬಗ್ಗಿತು, ಇದ್ದ ಗಾಳಿಯೂ ಹೋಯಿತು. ಅಷ್ಟರಲ್ಲಿ ಎರಡು ಇಂಬಳ ಕಾಲುಚೀಲದೊಳಗೆ ಸೇರಿದ್ದವು. ತೋಟದ ಕೆಲಸದವರನ್ನು ಕರೆದುಕೊಂಡು ಹೋಗುತ್ತಿದ್ದ ಪಿಕಪ್‌ನವರು ಪುಣ್ಯಾತ್ಮರು, ಸೈಕಲ್ ಸಮೇತ ಹತ್ತಿಸಿಕೊಂಡರು.

ಈಗ ಪ್ರಶ್ನೆ. ನನ್ನದು ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್, 700x25ರ ಸಣ್ಣ ಟೈರ್, ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್. ಮನೆಯಲ್ಲಿ ಮಗನದ್ದು 26x1.95 ದಪ್ಪ ಟೈರಿನ ಎಂಟಿಬಿ (ಮೌಂಟನ್ ಬೈಕ್), ಅದಕ್ಕೆ ಮೋಟಾರ್ ಬೈಕಿನ ಥರದ ವಾಲ್ವ್. ನಾನು 55 ಕೆ.ಜಿ., ತೋಳಿನಲ್ಲಿ ಅಂಥ ಬಲವೇನೂ ಇಲ್ಲ. ಕೈಪಂಪೇ ಒಳ್ಳೆಯದು ತಗೊಳ್ಳಲಾ, ಬ್ಯಾಟರಿದು ತಗೊಳ್ಳಲಾ, ಗ್ಯಾಸ್ ಸಿಲಿಂಡರ್ ಅಂತಾರಲ್ಲ ಅದಾ? ಎರಡೂವರೆ ಸಾವಿರದ ಒಳಗೆ ಮುಗಿದರೆ ಒಳ್ಳೆಯದು. ಎರಡು ಸೈಕಲ್ಲಿಗೂ ಒಂದೇ ಪಂಪು ಸಾಕಾದರೆ ಇನ್ನೂ ಒಳ್ಳೆಯದು.

ರಾತ್ರಿ_ಸವಾರ:

ಬ್ಯಾಟರಿದು ತಗೊಳ್ಳಿ ಅಕ್ಕ, ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಪಿಎಸ್‌ಐ ಎಷ್ಟು ಅಂತ ಮೊದಲೇ ಹೇಳಿಟ್ಟರೆ ಅಷ್ಟಕ್ಕೆ ತಾನೇ ನಿಲ್ಲುತ್ತದೆ. ನಾನು ಈಗ ಒಂದು ವರ್ಷದಿಂದ ಕೈಪಂಪು ಮುಟ್ಟಿಲ್ಲ. ಸದ್ದು ಮಾತ್ರ ಜೋರು, ಮಿಕ್ಸಿಯಲ್ಲಿ ಕಾಫಿ ಬೀಜ ಹಾಕಿದ ಹಾಗೆ.

ಹೇಮಾವತಿ_ದಂಡೆ:

ಹಾಸನದಿಂದ. ಅಕ್ಕ, ತಗೊಳ್ಳೋ ಮೊದಲು ಒಂದು ಕೆಲಸ ಮಾಡಿ. ಆ ಪಂಪಿನ ಕೊಳವೆಯ ದಪ್ಪ ಎಷ್ಟಿದೆ ಸ್ಕೇಲ್ ಹಿಡಿದು ನೋಡಿ ಹೇಳಿ. ಉದ್ದ ಅಲ್ಲ, ದಪ್ಪ.

ಕಾಫಿಹೂ:

ಹೊರಗಡೆ 30 ಮಿ.ಮೀ. ಬರುತ್ತಿದೆ. ಯಾಕೆ?

ಹೇಮಾವತಿ_ದಂಡೆ:

ಅಂದುಕೊಂಡಿದ್ದೆ. ಹಾಗಾದರೆ ಒಳಗೆ ಗಾಳಿ ತಳ್ಳೋ ಬಿಲ್ಲೆ (ಪಿಸ್ಟನ್) ಸುಮಾರು 28 ಮಿ.ಮೀ. ಇರುತ್ತದೆ. ನಿಮ್ಮ ಪಂಪು ಕೆಟ್ಟದ್ದಲ್ಲ, ಅದು ದಪ್ಪ ಟೈರಿಗೆ ಮಾಡಿದ್ದು. ಲೆಕ್ಕ ಹೇಳುತ್ತೇನೆ, ಬೇಜಾರಾದರೆ ಕೆಳಗೆ ಇಳಿಯಿರಿ.

14 ಪಿಎಸ್‌ಐ ಅಂದರೆ ಹೆಚ್ಚುಕಮ್ಮಿ ಒಂದು ಚದರ ಸೆಂಟಿಮೀಟರ್ ಮೇಲೆ ಒಂದು ಕೆ.ಜಿ. ಭಾರ. ನಿಮ್ಮ ರೋಡ್ ಟೈರಿಗೆ 85 ಬೇಕು ಅಂತಿಟ್ಟುಕೊಳ್ಳಿ, ಅಂದರೆ ಚದರ ಸೆಂಟಿಮೀಟರಿಗೆ 6 ಕೆ.ಜಿ. 28 ಮಿ.ಮೀ. ಬಿಲ್ಲೆಯ ಮುಖ 6 ಚದರ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಕೊನೆಕೊನೆಗೆ ಪ್ರತಿ ಸಲ ಒತ್ತುವಾಗಲೂ ನೀವು 37 ಕೆ.ಜಿ. ತಳ್ಳಬೇಕು. ಇಪ್ಪತ್ತೈದು ಕೆ.ಜಿ.ಯ ಅಕ್ಕಿ ಮೂಟೆಯೇ ಎಷ್ಟು ಭಾರ ಅಂತ ಗೊತ್ತಲ್ಲ, ಅದಕ್ಕೂ ಹನ್ನೆರಡು ಕೆ.ಜಿ. ಮೇಲೆ. ಅದೂ ಎರಡು ಅಂಗೈ ನಡುವೆ, ನೆಲದ ಆಸರೆ ಇಲ್ಲದೆ. ಯಾರ ಕೈಯಲ್ಲಿ ಆಗುತ್ತದೆ ಹೇಳಿ? ಅದೇ 18 ಮಿ.ಮೀ. ಬಿಲ್ಲೆಯ ಸಣಕಲು ಪಂಪಾದರೆ ಮುಖ ಎರಡೂವರೆ ಚದರ ಸೆಂಟಿಮೀಟರ್, ಭಾರ 15 ಕೆ.ಜಿ. ಆರಾಮವಾಗಿ ಅಂತ ಹೇಳಲ್ಲ, ಆದರೆ ನಿಮ್ಮಿಂದ ಆಗುತ್ತದೆ.

ಮೈಮೇಲೆ ಬರೆದ 120 ಇದೆಯಲ್ಲ, ಅದು ಪಂಪು ಒಡೆಯದೆ ತಡೆದುಕೊಳ್ಳೋ ಮಿತಿ ಅಷ್ಟೇ. ಒತ್ತೋ ಕೈ ಯಾರದ್ದು ಅಂತ ಅದಕ್ಕೇನು ಗೊತ್ತು.

ಇದಕ್ಕೆ ಉಲ್ಟಾ ಲೆಕ್ಕವೂ ಇದೆ. ಸಣಕಲು ಪಂಪು ಒಂದು ಸಲಕ್ಕೆ ಹಾಕೋ ಗಾಳಿ ಕಮ್ಮಿ. ನಿಮ್ಮ ರೋಡ್ ಟ್ಯೂಬಿನಲ್ಲಿ ಹಿಡಿಯೋದು ಒಂದು ಲೀಟರ್ ಜಾಗ ಅಷ್ಟೇ, ಮಗನ ಟ್ಯೂಬಿನಲ್ಲಿ ಮೂರೂವರೆ ಲೀಟರಿಗೂ ಜಾಸ್ತಿ. ಅದಕ್ಕೆ 40 ಪಿಎಸ್‌ಐ ಸಾಕು ನಿಜ, ಆದರೆ ಒಳಗೆ ತುಂಬಬೇಕಾದ ಗಾಳಿ ನಿಮ್ಮದಕ್ಕಿಂತ ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಸಣಕಲು ಪಂಪಿನಲ್ಲಿ ಮುನ್ನೂರು ಸಲ ಒತ್ತಬೇಕು. ಈಗಿರೋ ದಪ್ಪ ಪಂಪಿನಲ್ಲಿ ನೂರಿಪ್ಪತ್ತು, ನೂರೈವತ್ತಕ್ಕೆ ಆಗಿಹೋಗುತ್ತದೆ, ಕೊನೆಯಲ್ಲಿ ಬೇಕಾದ ಬಲವೂ 17 ಕೆ.ಜಿ. ಅಷ್ಟೇ. ಹಾಗಾಗಿ ಅದನ್ನು ಬಿಸಾಡಬೇಡಿ, ಮಗನ ಸೈಕಲ್ಲಿಗೆ ಕಟ್ಟಿ. ಒಂದೇ ಪಂಪು ಎರಡಕ್ಕೂ ಆಗಲಿ ಅನ್ನೋ ಆಸೆಯೇ ನಿಮ್ಮನ್ನು ಪಿಕಪ್ ಹತ್ತಿಸಿದ್ದು.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ಮೂತಿಯನ್ನು ನೇರ ವಾಲ್ವ್‌ಗೆ ಸಿಕ್ಕಿಸೋ ಪಂಪು ಬೇಡ. ಪ್ರೆಸ್ಟಾ ವಾಲ್ವ್‌ನ ತುದಿ ಕಡ್ಡಿಯಷ್ಟು ಸಣ್ಣ, ನೀವು ಒತ್ತುವಾಗ ಕೈ ಅಲುಗಿದ್ದೆಲ್ಲ ಅದರ ಮೇಲೆ ಬೀಳುತ್ತದೆ. ನಡುವೆ ಒಂದು ಗೇಣು ರಬ್ಬರ್ ಪೈಪ್ ಇರೋದು ತಗೊಳ್ಳಿ. ಕಾಲಲ್ಲಿ ಮೆಟ್ಟಿ ಹಿಡಿಯೋದಕ್ಕೆ ಮಡಚೋ ಕಡ್ಡಿ ಇದ್ದು, ಹಿಡಿ 'ಟಿ' ಆಕಾರಕ್ಕೆ ತಿರುಗೋ ಹಾಗಿದ್ದರೆ ಇನ್ನೂ ಒಳ್ಳೆಯದು, ನೆಲಕ್ಕೆ ಊರಿ ಮೈಭಾರ ಬಿಟ್ಟು ಹೊಡೆಯಬಹುದು. ಟೋಪೀಕ್‌ನವರ ರೋಡ್ ಮಾರ್ಫ್ ಆ ಥರದ್ದು. ಒಂದಡಿಗಿಂತ ಉದ್ದ, ಜೇಬಿಗೆ ಬರಲ್ಲ, ಫ್ರೇಮಿಗೆ ಕಟ್ಟಬೇಕು. ನೋಡೋದಕ್ಕೆ ಚೆಂದ ಇಲ್ಲ ಅಂತ ನಮ್ಮ ಹುಡುಗರು ನಗುತ್ತಾರೆ. ಪಂಕ್ಚರ್ ಆದ ದಿನ ಅವರೇ ಬಂದು ಕೇಳುತ್ತಾರೆ.

ಮೂಡಿಗೆರೆ_ಮಳೆ:

ರಾತ್ರಿ_ಸವಾರರೇ, ಬ್ಯಾಟರಿ ಪಂಪಿನ ಕಥೆ ಪೂರ್ತಿ ಹೇಳಿ ಮಾರಾಯ್ರೆ. ನಿಮ್ಮದು ಸಣ್ಣ ಟೈರ್ ಅಲ್ವಾ? ನನ್ನದು 29x2.1, ತೋಟದ ರಸ್ತೆ, ವರ್ಷದಲ್ಲಿ ಐದು ತಿಂಗಳು ಕೆಸರು. ಅಂಗೈಯಗಲದ ಬ್ಯಾಟರಿ ಪಂಪು ತಗೊಂಡು ಮೊದಲನೇ ಟೈರ್ ತುಂಬುವಷ್ಟರಲ್ಲಿ ಮುಟ್ಟೋಕಾಗದ ಹಾಗೆ ಕಾದಿತ್ತು. ಎರಡನೆಯದು ಅರ್ಧಕ್ಕೆ ಬರುವಾಗ ಚಾರ್ಜ್ ಖಾಲಿ. ಕೊಟ್ಟಿಗೆಹಾರದ ಈಚೆ, ಮಳೆ ಬೇರೆ ಹೊಡೆಯುತ್ತಿತ್ತು, ಫೋನಿಗೇ ಸಿಗ್ನಲ್ ಇಲ್ಲದ ಜಾಗದಲ್ಲಿ ಚಾರ್ಜರ್ ಎಲ್ಲಿಂದ ತರಲಿ? ಅಲ್ಲಿಂದ ಎರಡು ಗಂಟೆ ನಡೆದೆ.

ಹಾಗಂತ ಅದು ಸುಳ್ಳು ವಸ್ತು ಅಲ್ಲ. ಈಗಲೂ ಇದೆ, ಮನೆಯಲ್ಲಿ ಹೊರಡೋ ಮೊದಲು ಎರಡು ಪಿಎಸ್‌ಐ ಹೆಚ್ಚು ಕಮ್ಮಿ ಮಾಡಿಕೊಳ್ಳೋಕೆ ಬಳಸುತ್ತೇನೆ. ದಾರಿಗೆ ಅದೊಂದನ್ನೇ ನಂಬಿಕೊಂಡು ಹೋಗೋದು ಬೇಡ ಅಂತ ನನ್ನ ಮಾತು.

ಇಂಬಳದ ವಿಷಯ ಅಕ್ಕ ಬರೆದರಲ್ಲ, ನಗು ಬಂತು. ಮುನ್ನೂರು ಸಲ ಪಂಪು ಹೊಡೆಯೋ ಹೊತ್ತಿಗೆ ಮೂಡಿಗೆರೆ ಇಂಬಳ ಮೊಣಕಾಲು ದಾಟಿರುತ್ತದೆ. ಅದಕ್ಕೇ ನಾನು ಪಂಕ್ಚರ್ ಆದರೆ ಹುಲ್ಲಿನ ಅಂಚಿಗೆ ನಿಲ್ಲೋದೇ ಇಲ್ಲ, ತಳ್ಳಿಕೊಂಡಾದರೂ ಮೋರಿ ಕಟ್ಟೆ ಹುಡುಕುತ್ತೇನೆ. ಕಟ್ಟೆ ಮೇಲೆ ಸೈಕಲ್ ಮಲಗಿಸಿ, ನಿಂತುಕೊಂಡೇ ಹೊಡೆಯಬಹುದು, ಸೊಂಟವೂ ಉಳಿಯುತ್ತದೆ.

ರಾತ್ರಿ_ಸವಾರ:

ಒಪ್ಪಿದೆ ಸಾರ್, ನನ್ನದು 700x28, ಅದನ್ನು ಹೇಳಬೇಕಿತ್ತು. ಸೊನ್ನೆಯಿಂದ 80ಕ್ಕೆ ಎರಡು ಟೈರ್ ತುಂಬುತ್ತದೆ, ಮೂರನೆಯದಕ್ಕೆ ನಾನು ನಂಬಲ್ಲ. ಬಿಸಿಯಾಗೋದು ನಿಜ. ಹಿತ್ತಾಳೆ ಮೂತಿ ನೇರ ವಾಲ್ವ್‌ಗೆ ತಾಗಿದರೆ ಬೆರಳು ಸುಟ್ಟುಕೊಳ್ಳುತ್ತೀರಿ. ಡಬ್ಬದಲ್ಲಿ ಒಂದು ತುಂಡು ಪೈಪ್ ಕೊಟ್ಟಿರುತ್ತಾರೆ, ಅದನ್ನು ಮನೆಯಲ್ಲಿ ಬಿಡಬೇಡಿ. ಎರಡು ತಿಂಗಳು ಮುಟ್ಟದೆ ಇಟ್ಟರೆ ಚಾರ್ಜ್ ಇಳಿಯುತ್ತದೆ, ತಿಂಗಳಿಗೊಮ್ಮೆ ಹಾಕಿ. ಮಳೆಗಾಲದಲ್ಲಿ ನಾನು ಜಿಪ್ ಇರೋ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತುತ್ತೇನೆ.

ಅಕ್ಕನಿಗೆ 25ರ ಟೈರ್. ಆದ್ದರಿಂದ ನನ್ನ ಮಾತು ಇನ್ನೂ ಅದೇ, ಬ್ಯಾಟರಿದು.

ಹಳೇ_ಅಟ್ಲಾಸ್:

ಬೇಲೂರಿನವನು ನಾನು. ನಿಮ್ಮಷ್ಟು ಲೆಕ್ಕ ಬರಲ್ಲ. ನನ್ನ ಸೈಕಲ್ಲಿನ ಅಟ್ಲಾಸ್ ಕಂಪನಿಯೇ 2020ರಲ್ಲಿ, ಅದೂ ವಿಶ್ವ ಸೈಕಲ್ ದಿನದಂದು, ಸಾಹಿಬಾಬಾದ್ ಕಾರ್ಖಾನೆ ನಿಲ್ಲಿಸಿತು. ಸೈಕಲ್ ಮಾತ್ರ ನಿಂತಿಲ್ಲ.

ನಮ್ಮ ಕಾಲದಲ್ಲಿ ಉಕ್ಕಿನ ಪಂಪು, ಒಳಗೆ ಚರ್ಮದ ವಾಷರ್. ಪಂಪು ಗಾಳಿ ಬಿಡುತ್ತಿಲ್ಲ ಅಂದರೆ ಬಿಚ್ಚಿ ಚರ್ಮಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಬೆರಳಲ್ಲಿ ಅಗಲ ಮಾಡಿದರೆ ಮತ್ತೆ ಹೊಸದು. ಅಂಗಡಿಯಲ್ಲಿ ಹತ್ತು ಸಲ ರಿಪೇರಿ ಆಗೋದು. ಈಗಿನವಕ್ಕೆ ರಬ್ಬರ್ ರಿಂಗ್, ಅದಕ್ಕೆ ಸಿಕ್ಕಿದ ಎಣ್ಣೆ ಬಿಡಬೇಡಮ್ಮ, ರಬ್ಬರ್ ಉಬ್ಬಿ ಕೆಡುತ್ತದೆ. ಸಿಲಿಕೋನ್ ಗ್ರೀಸ್ ಅಂತ ಸಿಗುತ್ತದೆ, ವರ್ಷಕ್ಕೊಂದು ಸಲ ಅದನ್ನು ಹಚ್ಚು. ತಗೊಳ್ಳುವಾಗಲೇ ಕೇಳಿಕೋ, ಪಂಪು ಬಿಚ್ಚೋಕೆ ಬರುತ್ತದಾ, ಒಳಗಿನ ರಿಂಗ್ ಬಿಡಿಯಾಗಿ ಸಿಗುತ್ತದಾ ಅಂತ. ಅಂಟಿಸಿ ಮುಚ್ಚಿದ ಪಂಪು ಒಂದು ಮಳೆಗಾಲಕ್ಕೆ ಮಾತ್ರ.

ಇನ್ನೊಂದು, ಯಾರೂ ಹೇಳಲಿಲ್ಲ. ಪ್ರೆಸ್ಟಾ ತುದಿಗೆ ತಿರುಗಿಸಿ ಹಾಕೋ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಅದು ಹಾಕಿದರೆ ಪೆಟ್ರೋಲ್ ಬಂಕು, ಪಂಕ್ಚರ್ ಅಂಗಡಿ, ಲಾರಿಯವರ ಪಂಪು ಎಲ್ಲದರ ಗಾಳಿಯೂ ನಿನ್ನದೇ. ಪಂಕ್ಚರ್ ಅಂಗಡಿಯವರ ಹತ್ತಿರ ನಿನ್ನ ಸಣ್ಣ ವಾಲ್ವ್‌ಗೆ ಮೂತಿ ಇರಲ್ಲ, ಅವರು ಏನು ಮಾಡುತ್ತಾರೆ ಪಾಪ. ಎರಡು ತಗೊಂಡು ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಬಿಡು, ಮರೆತುಬಿಡು. ಆದರೆ ಬಂಕಿನಲ್ಲಿ ಹುಷಾರು, ಆ ಮೆಷಿನ್ನು ದೊಡ್ಡ ಟೈರಿಗೆ ಮಾಡಿದ್ದು, ಒಂದು ಲೀಟರಿನ ಟ್ಯೂಬಿಗೆ ರಪ್ಪನೆ ಬಿಟ್ಟರೆ ಡಂ ಅನ್ನುತ್ತದೆ. ಸ್ವಲ್ಪ ಸ್ವಲ್ಪ ಬಿಡಿ ಅಂತ ಹೇಳಬೇಕು.

ಕಾಫಿಹೂ:

ಹಳೇ ಅಟ್ಲಾಸ್ ಅವರೇ, ಅಡಾಪ್ಟರ್ ಇವತ್ತೇ ತರುತ್ತೇನೆ. ಹೇಮಾವತಿ_ದಂಡೆ ಅವರ ಲೆಕ್ಕ ಓದಿ ನನ್ನ ತೋಳಿನ ಮೇಲೆ ಇದ್ದ ಸಿಟ್ಟು ಇಳಿಯಿತು. 37 ಕೆ.ಜಿ.ಯಂತೆ! ಯಾರೂ ಗ್ಯಾಸ್ ಸಿಲಿಂಡರ್ ಬಗ್ಗೆ ಹೇಳಲಿಲ್ಲ.

ಹೇಮಾವತಿ_ದಂಡೆ:

ಅದು ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಉಕ್ಕಿನ ಡಬ್ಬಿ, ಸಾಮಾನ್ಯವಾಗಿ 16 ಗ್ರಾಂ. ತಿರುಗಿಸಿದರೆ ಕೆಲವೇ ಸೆಕೆಂಡಿನಲ್ಲಿ ನಿಮ್ಮ 25ರ ಟೈರ್ ಗಟ್ಟಿ. ಅದೇ ಡಬ್ಬಿ ಮೂಡಿಗೆರೆಯವರ 29 ಇಂಚಿನದಕ್ಕೆ ಹಾಕಿದರೆ 30 ಪಿಎಸ್‌ಐ ಮುಟ್ಟೋದೂ ಕಷ್ಟ. ರೇಸ್ ಓಡಿಸೋರಿಗೆ ಸರಿ. ನಮಗೆ ಯಾಕೆ ಬೇಡ ಅಂದರೆ, ಒಂದು ಡಬ್ಬಿಗೆ ಒಂದೇ ಚಾನ್ಸ್. ಮೂತಿ ಸರಿಯಾಗಿ ಕೂರಲಿಲ್ಲವೋ, ಗ್ಯಾಸ್ ಎಲ್ಲ ಕಾಫಿ ಗಿಡಕ್ಕೆ. ಟೈರಿನೊಳಗೆ ಮುಳ್ಳು ಇನ್ನೂ ಇದೆ ಅಂತ ಆಮೇಲೆ ಗೊತ್ತಾದರಂತೂ ಮುಗಿಯಿತು. ಬಿಡುವಾಗ ಡಬ್ಬಿ ಮಂಜುಗಡ್ಡೆ ಆಗುತ್ತದೆ, ಬರಿಗೈಯಲ್ಲಿ ಹಿಡಿದರೆ ಚರ್ಮ ಅಂಟುತ್ತದೆ. ಇನ್ನೊಂದು ವಿಚಿತ್ರ ಏನೆಂದರೆ ಈ ಗ್ಯಾಸು ಟ್ಯೂಬಿನ ರಬ್ಬರಿನ ಮೂಲಕ ಮಾಮೂಲಿ ಗಾಳಿಗಿಂತ ಬೇಗ ಸೋರಿಹೋಗುತ್ತದೆ. ಮಾರನೇ ದಿನ ನೋಡಿದರೆ ಟೈರ್ ಮೆತ್ತಗಾಗಿರುತ್ತದೆ, ಪಂಕ್ಚರ್ ಮತ್ತೆ ಆಯಿತೇನೋ ಅಂತ ಗಾಬರಿ ಬೀಳುತ್ತೀರಿ. ಮನೆಗೆ ಬಂದು ಅದನ್ನು ಬಿಟ್ಟು ಮಾಮೂಲಿ ಗಾಳಿ ಹೊಡೆಯಬೇಕು. ಹೊಸ ಡಬ್ಬಿ ಬೇಕಾದರೆ ನಮ್ಮ ಊರುಗಳಲ್ಲಿ ತರಿಸಿಕೊಂಡೇ ಆಗಬೇಕು.

ಅಂದ ಹಾಗೆ, ಗಿರಿ ಮೇಲೆ ಪಂಕ್ಚರ್ ಆದರೆ ಪಂಪು ಹೊಡೆಯೋ ಲೆಕ್ಕವೂ ಬದಲಾಗುತ್ತದೆ. ಮುಳ್ಳಯ್ಯನಗಿರಿ 1,900 ಮೀಟರ್ ದಾಟಿದ ಎತ್ತರ. ಅಲ್ಲಿ ಗಾಳಿ ಸಮುದ್ರದ ಮಟ್ಟಕ್ಕಿಂತ ಐದನೇ ಒಂದು ಭಾಗದಷ್ಟು ತೆಳು. ಮಂಗಳೂರಿನಲ್ಲಿ ನೂರು ಸಲ ಹೊಡೆದರೆ ಆಗೋ ಟೈರಿಗೆ ಅಲ್ಲಿ ನೂರಿಪ್ಪತ್ತೈದು. ಅಕ್ಕ, ಅದು ನಿಮ್ಮ ಕೈ ಸೋತಿದ್ದಕ್ಕೆ ಇನ್ನೊಂದು ಸಾಕ್ಷಿ, ಬರೆದಿಟ್ಟುಕೊಳ್ಳಿ.

ಮೂಡಿಗೆರೆ_ಮಳೆ:

ಅಕ್ಕ, ದುಡ್ಡು ಎರಡೂವರೆ ಸಾವಿರ ಇದ್ದರೆ ಅದನ್ನು ಎರಡು ಪಾಲು ಮಾಡಿ. ಒಂದು ಪಾಲು ಮನೆಗೆ, ನಿಂತು ಹೊಡೆಯೋ ಫ್ಲೋರ್ ಪಂಪು, ಗೇಜ್ ಇರೋದು, ಎರಡೂ ಥರದ ವಾಲ್ವ್‌ಗೆ ಆಗೋದು. ಅದರಲ್ಲಿ ಮೈಭಾರ ಬಿಟ್ಟು ಒತ್ತೋದರಿಂದ 85 ಏನೂ ಅಲ್ಲ, ಮಗನದ್ದು ನಲವತ್ತು ಸಲಕ್ಕೆ ತುಂಬುತ್ತದೆ. ಉಳಿದಿದ್ದರಲ್ಲಿ ದಾರಿಗೆ ಸಣ್ಣದು. ದಾರಿದು ವರ್ಷಕ್ಕೆ ನಾಲ್ಕು ಸಲ ಬೇಕಾಗುತ್ತದೆ, ಮನೆದು ವಾರ ವಾರ ಬೇಕು. ನಮ್ಮ ಜನ ಉಲ್ಟಾ ಮಾಡುತ್ತಾರೆ, ವಾರ ವಾರ ಗಾಳಿ ನೋಡದೆ ಮೆತ್ತಗಿನ ಟೈರಿನಲ್ಲಿ ಹೋಗಿ, ಗುಂಡಿಯಲ್ಲಿ ರಿಮ್ಮು ಟ್ಯೂಬನ್ನು ಕಚ್ಚಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬಿದ್ದು, ಆಮೇಲೆ ದಾರಿ ಪಂಪು ಚೆನ್ನಾಗಿಲ್ಲ ಅಂತ ಬೈಯುತ್ತಾರೆ. ನಿಮ್ಮ ಹಳೇ ಟ್ಯೂಬ್ ತೆಗೆದು ನೋಡಿ. ಜಲ್ಲಿಗೆ ಹೊಡೆದದ್ದು ಅಂದಿರಲ್ಲ, ಎರಡು ತೂತು ಇದ್ದರೆ ಭಾನುವಾರ ಗಾಳಿ ಕಮ್ಮಿ ಇತ್ತು ಅಂತಲೇ ಅರ್ಥ.

ಕಾಫಿಹೂ:

ನೋಡಿದೆ. ಎರಡೇ ಇದೆ. ಅಕ್ಕಪಕ್ಕ. ಏನು ಹೇಳಲಿ ಈಗ.

ರಾತ್ರಿ_ಸವಾರ:

😄 ಸಿಕ್ಕಿಬಿದ್ದಿರಿ ಅಕ್ಕ.

ಕಾಫಿಹೂ (ಹನ್ನೆರಡು ದಿನದ ನಂತರ):

ಬೆಂಗಳೂರಿಗೆ ಹೋಗೋ ಕೆಲಸ ಇತ್ತು, ಡೆಕಾಥ್ಲಾನ್‌ನಲ್ಲಿ ಪಂಪುಗಳನ್ನು ಕೈಯಲ್ಲಿ ಹಿಡಿದು ನೋಡಿಬಂದೆ. ಫ್ಲೋರ್ ಪಂಪು ಒಂದು, ದಾರಿಗೆ ಪೈಪ್ ಇರೋ ಸಣಕಲು ಕೈಪಂಪು ಒಂದು. ಕಾಲಲ್ಲಿ ಮೆಟ್ಟೋ ಥರದ್ದು ನನ್ನ ಫ್ರೇಮಿಗೆ ಉದ್ದ ಆಗುತ್ತಿತ್ತು, ಬಿಟ್ಟೆ. ದುಡ್ಡು ಸ್ವಲ್ಪ ಮೀರಿತು, ಮನೆಯಲ್ಲಿ ಹೇಳಿಲ್ಲ.

ಮನೆ ಮುಂದೆಯೇ ಹಿಂದಿನ ಟೈರಿನ ಗಾಳಿ ಪೂರ್ತಿ ಬಿಟ್ಟು ಸಣಕಲು ಪಂಪಿನಲ್ಲಿ ಹೊಡೆದು ನೋಡಿದೆ. ಮಗ ಎಣಿಸಿದ. ಇನ್ನೂರಕ್ಕೆ ನಾಲ್ಕು ಕಮ್ಮಿ, ಫ್ಲೋರ್ ಪಂಪಿನ ಗೇಜ್ ಹಾಕಿ ನೋಡಿದರೆ 80. ಕೊನೆಯ ನಲವತ್ತು ಕಷ್ಟ, ನಡುವೆ ಎರಡು ಸಲ ಉಸಿರು ತಗೊಂಡೆ. ಆದರೆ ಆಯಿತು.

ಒಂದೇ ತೊಂದರೆ. ಪೈಪಿನ ಮೂತಿ ತಿರುಗಿಸಿ ಬಿಚ್ಚುವಾಗ ವಾಲ್ವ್‌ನ ಒಳಗಿನ ಕಡ್ಡಿಯೇ ಅದರ ಜೊತೆ ಕಳಚಿ ಬಂತು. ಇನ್ನೂರು ಸಲ ಹೊಡೆದ ಗಾಳಿ ಒಂದು ಸೆಕೆಂಡಿನಲ್ಲಿ ಹೋಯಿತು. ಮಗ ಬಿದ್ದು ಬಿದ್ದು ನಕ್ಕ. ಪಂಪು ವಾಪಸ್ ಕೊಡಬೇಕಾ?

ಹೇಮಾವತಿ_ದಂಡೆ:

ಬೇಡ ಬೇಡ. ಕೆಲವು ಟ್ಯೂಬುಗಳಲ್ಲಿ ಆ ಒಳಕಡ್ಡಿಯನ್ನು ಬಿಚ್ಚೋಕೆ ಬರುತ್ತದೆ, ಅಂಗಡಿಯಿಂದ ಬರುವಾಗ ಸಡಿಲ ಇರುತ್ತದೆ. ತಿರುಗಿಸೋ ಮೂತಿ ಅದನ್ನೂ ಹಿಡಿದುಕೊಂಡು ಬರುತ್ತದೆ. ಕಡ್ಡಿಗೆ ಎರಡು ಕಡೆ ಚಪ್ಪಟೆ ಜಾಗ ಇದೆ ನೋಡಿ, ಅಲ್ಲಿ ಸಣ್ಣ ಇಕ್ಕಳ ಹಿಡಿದು ಕಾಲು ಸುತ್ತು ಬಿಗಿ ಮಾಡಿ, ಜಾಸ್ತಿ ಬಲ ಬೇಡ, ಮುರಿಯುತ್ತದೆ. ಜೊತೆಗೆ ಒಯ್ಯೋ ಬೇರೆ ಟ್ಯೂಬಿಗೂ ಈಗಲೇ ಮಾಡಿಡಿ. ಮೂತಿ ಬಿಚ್ಚೋ ಮೊದಲು ಪೈಪಿನ ಗಾಳಿ ಬಿಡೋ ಗುಂಡಿ ಇದ್ದರೆ ಅದನ್ನು ಒಮ್ಮೆ ಒತ್ತಿ, ಆಗ ಸಲೀಸಾಗಿ ಬರುತ್ತದೆ.

ಹಳೇ_ಅಟ್ಲಾಸ್:

ಮತ್ತೆ ಗಿರಿಯಲ್ಲಿ ಹೀಗಾದರೆ 80 ಬೇಕು ಅಂತ ಹಟ ಹಿಡಿಯಬೇಡಮ್ಮ. ನಿನ್ನ ತೂಕಕ್ಕೆ 60 ಬಂದರೆ ಸಾಕು, ಗುಂಡಿ ತಪ್ಪಿಸಿ ನಿಧಾನಕ್ಕೆ ಇಳಿ. ಉಳಿದಿದ್ದು ಕೆಳಗೆ ಬಂಕಿನಲ್ಲಿ. ಅಡಾಪ್ಟರ್ ತಂದೆಯಾ?

ಕಾಫಿಹೂ:

ತಂದೆ ಸಾರ್, ಮೂರು. ಒಂದು ಆಗಲೇ ಕಳೆದಿದೆ.